ಕಂಕುಳ ಕಮಾನು

ಮನುಷ್ಯನ ಹೆಗಲನ್ನು ಬಿಡಿಸಿ ನೋಡಲು ತಾಳ್ಮೆ ಬೇಕು. ಮೊಣಕಾಲಾದರೆ ಒಂದು ಬೆಳಗಿನ ಕೆಲಸ. ಅಂಗೈಗೆ ಎರಡು ದಿನ. ಹೆಗಲಿಗೆ ಮಾತ್ರ ನಾನು ಯಾವತ್ತೂ ದಿನ ಗೊತ್ತು ಮಾಡಿದವನಲ್ಲ. ಎದೆಯಿಂದ, ಬೆನ್ನಿನಿಂದ, ಕುತ್ತಿಗೆಯಿಂದ ಸ್ನಾಯುಗಳು ಹರಿದು ಬಂದು ತೋಳಿನ ಒಂದೇ ಮೂಳೆಯ ತುದಿಯನ್ನು ಹಿಡಿದುಕೊಂಡಿರುತ್ತವೆ. ಅವುಗಳ ಕೆಳಗೆ, ಕಂಕುಳಿನ ಗುಂಡಿಯಲ್ಲಿ, ಇಡೀ ಕೈಗೆ ಹೋಗುವ ರಕ್ತನಾಳಗಳೂ ನರಗಳೂ ಕೊಬ್ಬಿನೊಳಗೆ ಹುದುಗಿರುತ್ತವೆ. ಚಾಕು ಒಂದು ಎಳೆ ಆಚೀಚೆಯಾದರೆ ಹುಡುಗರಿಗೆ ತೋರಿಸಬೇಕಾದದ್ದೇ ಹೋಯಿತು. ಅದನ್ನು ಒಂದು ಗೀರೂ ಇಲ್ಲದೆ ಬಿಡಿಸುವುದನ್ನು ನಾನು ಕಲಿತೆ. ನಮ್ಮ ಕಾಲೇಜಿನಿಂದ ಹೊರಗೆ ಹೋದ ಎಷ್ಟೋ ಡಾಕ್ಟರುಗಳು ಹೆಗಲಿನ ಒಳಗನ್ನು ಮೊದಲು ನೋಡಿದ್ದು ನನ್ನ ಕೈಯಿಂದ ತಯಾರಾದದ್ದನ್ನೇ. ಈ ಮಾತನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ.

ನಾನು ಡಾಕ್ಟರಲ್ಲ. ನಾಗಮಂಗಲ ತಾಲ್ಲೂಕಿನ ಒಂದು ವೈದ್ಯಕೀಯ ಕಾಲೇಜಿನಲ್ಲಿ, ಅಂಗರಚನಾ ವಿಭಾಗದ ಶವಕೊಠಡಿಯಲ್ಲಿ, ಮೊದಲು ಅಟೆಂಡರಾಗಿ ಆಮೇಲೆ ಟೆಕ್ನೀಶಿಯನ್ ಆಗಿ ದುಡಿದು ನಿವೃತ್ತನಾದವನು. ಹೆಸರು ತಮ್ಮಯ್ಯ. ಊರು ಶ್ರೀರಂಗಪಟ್ಟಣದ ಪಕ್ಕದ ಪಾಲಹಳ್ಳಿ. ಯಾವ ವರ್ಷ ಯಾವ ಹುದ್ದೆ ಸಿಕ್ಕಿತು ಎಂಬುದನ್ನೆಲ್ಲ ಇಲ್ಲಿ ಬರೆಯುವುದಿಲ್ಲ. ಅದು ಕಚೇರಿಯ ಸರ್ವಿಸ್ ಪುಸ್ತಕದಲ್ಲಿದೆ. ಈಗ ಈ ಕೆಲಸಕ್ಕೆ ಹೊಸದಾಗಿ ಸೇರುತ್ತಿರುವ ಹುಡುಗ ಹುಡುಗಿಯರು ಆಗಾಗ ಮನೆಗೆ ಬರುತ್ತಾರೆ. 'ಸಾರ್, ಮೊದಮೊದಲು ಊಟ ಸೇರುತ್ತಿತ್ತಾ?' ಎಂದು ಕೇಳುತ್ತಾರೆ. ಅವರಿಗೆ ಹೇಳಬೇಕಾದದ್ದು ಊಟದ ವಿಷಯಕ್ಕಿಂತ ದೊಡ್ಡದಿದೆ. ಅದಕ್ಕಾಗಿ ಇಷ್ಟು ಬರೆಯುತ್ತಿದ್ದೇನೆ.

ತೊಂಬತ್ತರ ದಶಕ ಶುರುವಾಗುವ ಹೊತ್ತಿಗೆ ನಾನು ಪಿಯುಸಿ ಮುಗಿಸಿ ಏಳೆಂಟು ವರ್ಷವಾಗಿತ್ತು, ಮನೆಯಲ್ಲೇ ಇದ್ದೆ. ಜಮೀನನ್ನು ಅಣ್ಣ ನಂಜಣ್ಣ ನೋಡಿಕೊಳ್ಳುತ್ತಿದ್ದ. ನಾಲೆ ನೀರು, ಭತ್ತ, ಕಬ್ಬು. ಒಬ್ಬನೇ ನಾಲ್ಕಾಳಿನ ಕೆಲಸ ಮಾಡುವವನು. ನನಗೆ ಕಾಲೇಜಿನಲ್ಲಿ ಕೆಲಸ ಸಿಕ್ಕಿದೆ ಎಂದಾಗ ಊರಲ್ಲೆಲ್ಲ ಸಿಹಿ ಹಂಚಿದ. ಅಲ್ಲಿ ಏನು ಕೆಲಸ ಎಂದು ತಿಳಿದ ಮೇಲೆ ಅವನ ಮುಖ ಬೇರೆಯಾಯಿತು.

"ಎಣ ಕುಯ್ಯೋ ಕೆಲ್ಸಾನೇನ್ಲಾ? ನಮ್ ಮನೇಲಿ ಯಾರ್ ಮಾಡವ್ರೆ ಅಂಥದ್ನ?"

"ಕುಯ್ಯೋದಲ್ಲ ಅಣ್ಣ, ಹುಡುಗರಿಗೆ ಕಲಿಯೋಕೆ ತಯಾರು ಮಾಡಿಕೊಡೋದು."

"ಎರಡೂ ಒಂದೆ ಬುಡು. ಊರ್ನಲ್ಲಿ ಕೇಳಿದ್ರೆ ಆಸ್ಪತ್ರೆ ಕೆಲ್ಸ ಅಂತೇಳು."

ನಾನು ಹಾಗೆಯೇ ಹೇಳಿದೆ. ಆದರೆ ಊರು ಚಿಕ್ಕದು, ಸುದ್ದಿಗೆ ಕಾಲು ದೊಡ್ಡದು. ಒಂದು ಶನಿವಾರ ನಾನು ಮನೆಗೆ ಬಂದು ಅಣ್ಣನ ಪುಟ್ಟ ಮಗಳನ್ನು ಎತ್ತಿಕೊಂಡೆ. ಅಣ್ಣ ಹೊಲದಿಂದ ಬಂದವನು ಮಗುವನ್ನು ನನ್ನ ತೋಳಿನಿಂದ ತೆಗೆದುಕೊಂಡು ಒಳಗೆ ಹೋದ. ಬೈದಿದ್ದರೆ ಇಷ್ಟು ನೋಯುತ್ತಿರಲಿಲ್ಲ. ಆಮೇಲೆ ಎಷ್ಟೋ ವರ್ಷ ನಾನು ಆ ಮನೆಯಲ್ಲಿ ಯಾರನ್ನೂ ನಾನಾಗಿ ಮುಟ್ಟಲಿಲ್ಲ.

ಕೆಲಸ ಕಲಿಸಿದವರು ಬಾಷಾ ಸಾಬರು. ಮೈಸೂರಿನ ಕಡೆ ಇದೇ ಕೆಲಸ ಮಾಡಿ ನಿವೃತ್ತರಾಗಿದ್ದ ಅವರನ್ನು ನಮ್ಮ ಕಾಲೇಜಿನವರು ಒಂದಷ್ಟು ದಿನಕ್ಕೆಂದು ಕರೆಸಿಕೊಂಡಿದ್ದರು. ದೇಹ ಕೆಡದಂತೆ ದ್ರಾವಣ ತುಂಬಿಸುವುದು, ತೊಟ್ಟಿಯಲ್ಲಿ ಇಳಿಸುವುದು, ಚಾಕುವಿನ ಹಿಂಬದಿಯಿಂದ ಕೊಬ್ಬನ್ನು ತಳ್ಳುವುದು ಎಲ್ಲವನ್ನೂ ಅವರಿಂದ ಕಲಿತೆ. "ಬೇಟಾ, ಚೂಪು ಕಡೆ ಚರ್ಮಕ್ಕೆ. ಒಳಗಡೆ ಹೋದ್ಮೇಲೆ ಬೆರಳು ಸಾಕು. ಜಲ್ದಿ ಯಾಕೆ? ಇವ್ರು ಎದ್ದು ಬಸ್ಸಿಗೆ ಹೋಗಬೇಕಾ?" ಎನ್ನುತ್ತಿದ್ದರು. ಆಗ ನಮಗೆ ಕೈಗವಸು ಸಿಕ್ಕರೆ ಸಿಕ್ಕಿತು, ಇಲ್ಲದಿದ್ದರೆ ಇಲ್ಲ. ಆ ಫಾರ್ಮಲಿನ್ ದ್ರಾವಣ ತಾಗಿ ಬೆರಳ ತುದಿ ಒಣಗಿದ ತೊಗಟೆಯಂತಾಗುತ್ತಿತ್ತು, ಕಣ್ಣು ಸಂಜೆಯವರೆಗೂ ಉರಿಯುತ್ತಿತ್ತು. ಈಗ ಗಾಳಿ ಎಳೆಯುವ ಯಂತ್ರಗಳಿವೆ, ಉಕ್ಕಿನ ಮೇಜುಗಳಿವೆ. ಒಳ್ಳೆಯದೇ. ನಮ್ಮ ಕಾಲವೇ ಚೆನ್ನಾಗಿತ್ತು ಎಂದು ನಾನು ಹೇಳುವುದಿಲ್ಲ.

ವಿಭಾಗದ ಮುಖ್ಯಸ್ಥರು ಸುಶೀಲಾ ಮೇಡಂ. ಕುಳ್ಳಗಿನ ಆಳು, ಮೆಲುದನಿ, ಮೂಗಿನ ತುದಿಗೆ ಜಾರಿದ ಕನ್ನಡಕ. ಅವರು ಕೊಠಡಿಯೊಳಗೆ ಬಂದರೆ ನೂರು ಹುಡುಗರ ಪಿಸುಮಾತು ತಾನಾಗಿ ನಿಲ್ಲುತ್ತಿತ್ತು. ನನ್ನ ಬದುಕಿನ ದೊಡ್ಡ ತಪ್ಪನ್ನು ಹಿಡಿದವರು ಅವರೇ.

ಸೇರಿ ಎರಡನೆಯ ವರ್ಷವಿರಬೇಕು. ಪರೀಕ್ಷೆಗೆ ಒಂದು ಕಂಕುಳನ್ನು ತಯಾರು ಮಾಡಲು ಹೇಳಿದ್ದರು. ಕೊಬ್ಬನ್ನು ತೆಗೆಯುತ್ತಿರುವಾಗ ಬೆನ್ನಿನ ಅಗಲವಾದ ಸ್ನಾಯುವಿನ ಅಂಚಿನಿಂದ ಒಂದು ಪಟ್ಟಿ ಎದ್ದು, ರಕ್ತನಾಳಗಳ ಮೇಲೆ ಅಡ್ಡಹಾದು, ಎದೆಯ ದೊಡ್ಡ ಸ್ನಾಯುವಿನ ಅಡಿಗೆ ಹೋಗುವುದು ಕಂಡಿತು. ಬೆರಳಗಲವೂ ಇರಲಿಲ್ಲ. ಗೋಡೆಯ ಚಿತ್ರಪಟದಲ್ಲಿ ಅಂಥದ್ದು ಇರಲಿಲ್ಲ. ಇದೇನೋ ಕಸ, ನರಗಳನ್ನು ಮರೆಮಾಡುತ್ತಿದೆ ಎಂದುಕೊಂಡೆ. ಎರಡೂ ತುದಿ ಕತ್ತರಿಸಿ ಬಕೆಟ್ಟಿಗೆ ಹಾಕಿದೆ. ನರಗಳು ಫಳಫಳ ಎಂದು ಕಂಡವು. ಖುಷಿಯಾಯಿತು.

ಮರುದಿನ ಮೇಡಂ ಬಂದು ಬಾಗಿ ನೋಡಿದರು. ಮೆಚ್ಚುತ್ತಾರೆಂದು ಕಾಯುತ್ತಿದ್ದೆ. ಇಕ್ಕಳದ ತುದಿಯಿಂದ ಬೆನ್ನಿನ ಸ್ನಾಯುವಿನ ಅಂಚನ್ನು ಎತ್ತಿ ಹಿಡಿದು, "ತಮ್ಮಯ್ಯ, ಈ ಕತ್ತರಿಸಿದ ತುದಿ ಯಾವುದರದ್ದು?" ಎಂದರು.

"ಏನೋ ಪೊರೆ ಇತ್ತು ಮೇಡಂ. ತೆಗೆದೆ."

"ಪೊರೆಯಲ್ಲ, ಸ್ನಾಯು. ಇಲ್ಲಿ ಎಳೆ ಕಾಣುತ್ತಿದೆ ನೋಡು. ಎಲ್ಲಿದೆ ಅದು?"

ಬಕೆಟ್ಟನ್ನು ಆಗಲೇ ಹೂಳಲು ಕೊಂಡುಹೋಗಿದ್ದರು. ಹಾಗೆಂದು ಹೇಳಿದೆ. ಮೇಡಂ ಕೂಗಾಡಲಿಲ್ಲ. ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸುತ್ತಾ ಹೇಳಿದರು: "ಈ ಮನುಷ್ಯ ಹುಟ್ಟಿದಾಗಿನಿಂದ ಸಾಯುವವರೆಗೂ ಅದನ್ನು ತನ್ನ ಕಂಕುಳಲ್ಲಿ ಇಟ್ಟುಕೊಂಡಿದ್ದ. ನೀನು ಒಂದು ನಿಮಿಷದಲ್ಲಿ ಬಕೆಟ್ಟಿಗೆ ಹಾಕಿದೆ. ಪುಸ್ತಕದಲ್ಲಿಲ್ಲ ಅಂತ ತಾನೆ? ಪುಸ್ತಕ ಬರೆದವರು ಇವನನ್ನು ನೋಡಿರಲಿಲ್ಲ."

ಆಮೇಲೆ ಅವರೇ ಕರಿಹಲಗೆಯ ಮೇಲೆ ಬರೆದು ತೋರಿಸಿದರು. ನೂರು ಜನರಲ್ಲಿ ಕೆಲವರ ಕಂಕುಳಲ್ಲಿ ಇಂಥ ಅಡ್ಡಪಟ್ಟಿ ಇರುತ್ತದೆ, ಬಾಗಿಲ ಮೇಲಿನ ಕಮಾನಿನ ಹಾಗೆ. ಬಹಳ ಮಂದಿಗೆ ಅದರಿಂದ ಏನೂ ತೊಂದರೆಯಿಲ್ಲ, ತಮಗಿದೆ ಎಂದು ಗೊತ್ತೂ ಆಗುವುದಿಲ್ಲ. ಅಪರೂಪಕ್ಕೆ ಒಬ್ಬರಲ್ಲಿ ಅದು ಕೈಯ ರಕ್ತನಾಳವನ್ನೂ ನರವನ್ನೂ ಅಮುಕುತ್ತದೆ. ಶಸ್ತ್ರಚಿಕಿತ್ಸೆ ಮಾಡುವವನಿಗೆ ಅದರ ಪರಿಚಯವಿಲ್ಲದಿದ್ದರೆ ದಾರಿ ತಪ್ಪುತ್ತದೆ.

ಅವತ್ತೇ ನನಗೆ ಒಂದು ನೂರು ಪುಟದ ನೋಟ್‌ಬುಕ್ ಕೊಟ್ಟರು. ಗೋಡೆಯ ಪಟದಂತೆ ಇಲ್ಲದ್ದು ಏನು ಕಂಡರೂ ಕತ್ತರಿಸುವ ಮೊದಲು ಅದರಲ್ಲಿ ಬರೆಯಬೇಕು. ಚಿತ್ರ ಬರೆಯಲು ಬರದಿದ್ದರೆ ಗೀಟಾದರೂ ಎಳೆಯಬೇಕು.

ಬರೆಯತೊಡಗಿದ ಮೇಲೆ ನನ್ನ ಕಣ್ಣೇ ಬದಲಾಯಿತು. ತೋಳಿನ ಮುಂದಿನ ಸ್ನಾಯುವಿಗೆ ಎರಡು ತಲೆ ಎಂದು ಪಾಠ. ಒಬ್ಬಾಕೆಯಲ್ಲಿ ಮೂರನೆಯದು ಸಿಕ್ಕಿತು. ಒಬ್ಬನ ಎದೆಯ ಮೇಲೆ, ಮೂಳೆಯ ಪಕ್ಕಕ್ಕೆ, ಜಡೆಯಂತೆ ಉದ್ದಕ್ಕೆ ಇಳಿದ ಸಣ್ಣ ಸ್ನಾಯು. ಇನ್ನೊಬ್ಬನಲ್ಲಿ ಎದೆಯ ಸ್ನಾಯುವಿನ ಕೆಳಭಾಗವೇ ಇರಲಿಲ್ಲ. ಆದರೂ ಅವನ ಕೈ ನೋಡಿದರೆ ಜೀವಮಾನವೆಲ್ಲ ಗುದ್ದಲಿ ಹಿಡಿದವನೆಂದು ತಿಳಿಯುತ್ತಿತ್ತು. ದೇಹ ಇದ್ದದ್ದರಲ್ಲೇ ಸಂಸಾರ ತೂಗಿಸಿಕೊಂಡು ಹೋಗುತ್ತದೆ. ಹೆಗಲಿನ ಹತ್ತಿರ ಹೋದಷ್ಟೂ ಇಂಥವು ಹೆಚ್ಚು. ಬಸ್ಸಿನಲ್ಲಿ ನಿಂತು ಮೇಲಿನ ಸರಳು ಹಿಡಿದವರ ತೋಳುಗಳನ್ನು ನೋಡುತ್ತಾ, ಇವರಲ್ಲಿ ಯಾರೊಳಗೆ ಏನಿದೆಯೋ ಎಂದುಕೊಳ್ಳುವುದು ನನಗೆ ಅಭ್ಯಾಸವಾಯಿತು.

ಹೀಗೆ ನಾಲ್ಕೈದು ವರ್ಷ ಕಳೆದಿರಬೇಕು. ಕೆ.ಆರ್. ಪೇಟೆಯ ಬಸ್ ನಿಲ್ದಾಣದಲ್ಲಿ ಸತ್ತಿದ್ದ, ಐವತ್ತು ದಾಟಿದ ಒಬ್ಬ ಗಂಡಸಿನ ದೇಹವನ್ನು, ವಾರಸುದಾರರು ಯಾರೂ ಬಾರದ ಕಾರಣ, ಕಾನೂನಿನ ಪ್ರಕಾರ ಪೊಲೀಸರು ನಮ್ಮ ಕಾಲೇಜಿಗೆ ಒಪ್ಪಿಸಿದರು. ಆಗ ನಮಗೆ ಬರುತ್ತಿದ್ದವರೆಲ್ಲ ಹೆಚ್ಚುಕಡಿಮೆ ಇಂಥವರೇ. ತಾವಾಗಿ ದೇಹದಾನ ಬರೆದುಕೊಡುವವರು ಬಂದದ್ದು ಆಮೇಲೆ.

ಆ ಮನುಷ್ಯನ ಬಲಗಂಕುಳನ್ನು ನಾನು ಬಿಡಿಸುತ್ತಿದ್ದೆ. ಕೊಬ್ಬು ಸರಿಸಿದ ಬೆರಳಿಗೆ ಅಡ್ಡಲಾಗಿ ಏನೋ ತಡೆಯಿತು.  ಚಾಕು ಕೆಳಗಿಟ್ಟು ಒದ್ದೆ ಹತ್ತಿಯಿಂದ ಮೆಲ್ಲಗೆ ಒರೆಸಿದೆ. ಅದೇ ಕಮಾನು. ಈ ಸಲ ಎರಡು ಬೆರಳಗಲ, ದಪ್ಪಗೆ, ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಪೂರ್ತಿ.

ಆ ವರ್ಷ ಹೊಸದಾಗಿ ಬಂದಿದ್ದ ಒಬ್ಬ ಲೆಕ್ಚರರು ಹಿಂದೆ ನಿಂತಿದ್ದರು. "ಇನ್ನೂ ಆಗಲಿಲ್ವೇನಯ್ಯಾ? ಮಧ್ಯಾಹ್ನ ಕ್ಲಾಸಿದೆ. ಅದನ್ನು ತೆಗೆದುಬಿಡು, ನರ ಕಾಣಲಿ."

"ಸಾರ್, ಇದನ್ನ ತೆಗೆಯಲ್ಲ. ಮೇಡಂ ನೋಡಬೇಕು."

"ಹೇಳಿದಷ್ಟು ಮಾಡು. ಅಟೆಂಡರ್ ನೀನು."

ಅವರು ಕತ್ತರಿ ಎತ್ತಿಕೊಂಡರು. ನಾನು ಏನು ಮಾಡುತ್ತಿದ್ದೇನೆಂದು ಯೋಚಿಸುವ ಮೊದಲೇ ನನ್ನ ಅಂಗೈಯನ್ನು ಆ ಕಂಕುಳಿನ ಮೇಲೆ ಮುಚ್ಚಿ ಇಟ್ಟಿದ್ದೆ. "ಬೈದ್ರೆ ಬೈಸ್ಕೋತೀನಿ ಸಾರ್. ಒಂದ್ಸಲ ಕೈ ಸುಟ್ಕೊಂಡಿದೀನಿ. ಮೇಡಂ ಬರೋಗಂಟ ಕೈ ತೆಗಿಯಲ್ಲ."

ಹುಡುಗರೆಲ್ಲ ಮೇಜಿನ ಸುತ್ತ ಸೇರಿಬಿಟ್ಟರು. ಯಾರೋ ಓಡಿಹೋಗಿ ಮೇಡಮ್ಮನ್ನು ಕರೆತಂದರು. ಅವರು ಬಂದು, "ಕೈ ತೆಗಿ" ಎಂದರು. ತೆಗೆದೆ. ನೋಡಿದರು. ಸುಮಾರು ಹೊತ್ತು ನೋಡಿದರು. ಆಮೇಲೆ ಲೆಕ್ಚರರ ಕಡೆ ತಿರುಗಿ, "ನನ್ನ ಸರ್ವಿಸಿನಲ್ಲಿ ಇಷ್ಟು ಪೂರ್ತಿಯಾದ್ದನ್ನು ನಾನು ಕಂಡಿಲ್ಲ. ನೀವೂ ನೋಡಿ. ಮಧ್ಯಾಹ್ನದ ಕ್ಲಾಸು ಇದರ ಮೇಲೆಯೇ ಆಗಲಿ. ತಮ್ಮಯ್ಯನೇ ತೋರಿಸಲಿ," ಎಂದರು.

ಪಿಯುಸಿ ಓದಿದ ನಾನು ಆ ಮಧ್ಯಾಹ್ನ ಡಾಕ್ಟರಾಗುವವರ ಎದುರು ಕಡ್ಡಿ ಹಿಡಿದು ನಿಂತೆ. ಕಮಾನನ್ನು ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ತೋರಿಸಿದೆ. ಇಷ್ಟು ಹೇಳಲೇಬೇಕು: ಆ ಲೆಕ್ಚರರೂ ಮುಂದಿನ ಸಾಲಿನಲ್ಲಿ ನಿಂತು ಟಿಪ್ಪಣಿ ಬರೆದುಕೊಂಡರು, ಆಮೇಲೆ ನನ್ನನ್ನು ಯಾವತ್ತೂ ಏಕವಚನದಲ್ಲಿ ಕರೆಯಲಿಲ್ಲ. ವರ್ಷದ ಕೊನೆಗೆ ಆ ಹೆಗಲನ್ನು ನಾನೇ ಗಾಜಿನ ಪೆಟ್ಟಿಗೆಯಲ್ಲಿ ಕೂರಿಸಿದೆ. ಮೇಡಂ ಟೈಪು ಮಾಡಿಸಿದ ಚೀಟಿಯ ಕೆಳಗೆ 'ತಯಾರಿಸಿದವರು: ತಮ್ಮಯ್ಯ' ಎಂದು ಇತ್ತು.

ಇನ್ನು ಮುಂದಿನದು ನನ್ನ ಮನೆಯದೇ ಕಥೆ.

ಒಂದು ಮಧ್ಯಾಹ್ನ ನಾಗಮಂಗಲದ ನನ್ನ ಬಾಡಿಗೆ ಮನೆಗೆ ಅತ್ತಿಗೆ ಗೌರಮ್ಮ ಒಬ್ಬರೇ ಬಂದರು. ಪಾಂಡವಪುರದಲ್ಲಿ ಬಸ್ಸು ಬದಲಾಯಿಸಿ ಬಂದಿದ್ದರು. ಹಿಂದೆ ಎಂದೂ ಒಬ್ಬರೇ ಬಂದವರಲ್ಲ. ಚಾಪೆಯ ಮೇಲೆ ಕೂತವರೇ ಅತ್ತರು.

"ನಿಮ್ಮಣ್ಣ ಅನ್ನ ಬುಟ್ಟವ್ರೆ ಕಣಪ್ಪ. ಎಂಟ್ ದಿನದಿಂದ ಬರೀ ಕಾಪಿ. ಜಮೀನ್ ಪತ್ರ ಎಲ್ಲಾ ತೆಗ್ದು ಇದು ನಿಂಗೆ, ಇದು ಮಗೀಗೆ ಅಂತ ಎತ್ತಿಡ್ತಾವ್ರೆ."

ವಿಷಯ ಇಷ್ಟು. ಹಲವು ತಿಂಗಳಿಂದ ಕಬ್ಬಿನ ಹೊರೆ ಎತ್ತಿ ಗಾಡಿಗೆ ಹಾಕುವಾಗ ಅಣ್ಣನ ಬಲಗೈ ಜೋಮು ಹಿಡಿಯುತ್ತಿತ್ತು. ಕೈ ಮೇಲೆತ್ತಿ ಸ್ವಲ್ಪ ಹೊತ್ತಾದರೆ ಊದಿಕೊಂಡು ನೀಲಿಗಟ್ಟುತ್ತಿತ್ತು. ಪಾಂಡವಪುರದಲ್ಲಿ ಒಬ್ಬ ಡಾಕ್ಟರ ಹತ್ತಿರ ಹೋದಾಗ ಅವರು ಕಂಕುಳು ಮುಟ್ಟಿ ನೋಡಿ, ಒಳಗೆ ಗಂಟಿನಂತಿದೆ, ಆಪರೇಷನ್ ಮಾಡಿ ತೆಗೆದು ಪರೀಕ್ಷೆಗೆ ಕಳಿಸಬೇಕು ಎಂದರಂತೆ. ಅವರು ಹೇಳಿದ್ದು ಅಷ್ಟೆ. ಪರೀಕ್ಷೆ ಎಂಬ ಮಾತಿಗೆ ಅಣ್ಣನ ಕಿವಿಯಲ್ಲಿ ಕ್ಯಾನ್ಸರ್ ಎಂಬ ಅರ್ಥ ಬಂದುಬಿಟ್ಟಿತು. ಆಪರೇಷನ್ ಬೇಡವೆಂದು ಮನೆಗೆ ಬಂದು ಮಲಗಿದವನು ಎದ್ದಿರಲಿಲ್ಲ.

ಭಾನುವಾರ ಪಾಲಹಳ್ಳಿಗೆ ಹೋದೆ. ಜಗುಲಿಯ ಮೇಲೆ ಕಂಬಕ್ಕೆ ಒರಗಿ ಕೂತಿದ್ದ. ಕೆನ್ನೆ ಒಳಗೆ ಹೋಗಿತ್ತು.

"ಬಂದ್ಯಾ? ನೋಡ್ಕೊಂಡೋಗು. ಇನ್ನ ನಿಂಗೂ ನಂಗೂ ವ್ಯವಾರ ಆಯ್ತು."

"ಕೈ ತೋರಿಸು ಅಣ್ಣ."

"ನೀನೇನ್ಲಾ ನೋಡೀಯೆ? ಸತ್ತೋರ್ನ ನೋಡೋನು ನೀನು. ನಾನಿನ್ನೂ ಸತ್ತಿಲ್ಲ."

ನಾನು ಅವನ ಎದುರು ಕೆಳಗೆ ಕೂತೆ. ಅತ್ತಿಗೆ ಬಾಗಿಲಲ್ಲಿ ನಿಂತಿದ್ದರು. ಅವರೇ ಹೇಳಿದರು: "ತೋರ್ಸುದ್ರೆ ಏನಾದದು? ಒಂದೇ ತಾಯಿ ಒಟ್ಟೇಲಿ ಬಂದೋನಲ್ವಾ ಅವ್ನು?"

ಅಣ್ಣ ಮುಖ ಆಚೆ ತಿರುಗಿಸಿಕೊಂಡು ಅಂಗಿ ಬಿಚ್ಚಿದ.

ಅಷ್ಟು ವರ್ಷ ಸಾವಿರ ಸಲ ಹೆಗಲುಗಳನ್ನು ಮುಟ್ಟಿದವನು ನಾನು. ಬಿಸಿ ಚರ್ಮ ನನಗೆ ಹೊಸದು. ಕಂಕುಳಿನ ಗುಂಡಿ ಎಡಗಡೆಯಷ್ಟು ಆಳವಿರಲಿಲ್ಲ, ತುಂಬಿಕೊಂಡಂತಿತ್ತು. ಒಳಗೆ ಗಟ್ಟಿಯಾದದ್ದು ನಿಜ. ಆದರೆ ಬೆರಳನ್ನು ಅದರ ಉದ್ದಕ್ಕೆ ಸರಿಸಿದರೆ ಅದು ಉಂಡೆಯಾಗಿರಲಿಲ್ಲ, ಹಗ್ಗದಂತೆ ಹಿಂದಿನಿಂದ ಮುಂದಕ್ಕೆ ಹೋಗುತ್ತಿತ್ತು.

"ಅಣ್ಣ, ನನ್ನ ಹೆಗಲ ಮೇಲೆ ಮೊಣಕೈ ಇಡು. ಕೆಳಗೆ ಒತ್ತು. ಜೋರಾಗಿ."

"ಮೈಯಲ್ಲಿ ಸಕ್ತಿ ಎಲ್ಲದೆ?"

"ಇರೋವಷ್ಟು ಒತ್ತು."

ಒತ್ತಿದ. ನನ್ನ ಬೆರಳಿನ ಕೆಳಗೆ ಅದು ಬಿಗಿಯಾಯಿತು. "ಬಿಡು" ಎಂದೆ. ಮೆತ್ತಗಾಯಿತು. ಇನ್ನೊಮ್ಮೆ ಒತ್ತಿಸಿದೆ. ಮತ್ತೆ ಬಿಗಿ, ಮತ್ತೆ ಮೆತ್ತಗೆ. ಗೆಡ್ಡೆ ಹೇಳಿದಂತೆ ಕೇಳುವುದಿಲ್ಲ. ಹೇಳಿದಂತೆ ಕೇಳುವುದು ಸ್ನಾಯು ಮಾತ್ರ.

ನನಗೆ ಕೂಗಿಬಿಡಬೇಕು ಅನ್ನಿಸಿತು. ತುಟಿ ಕಚ್ಚಿಕೊಂಡೆ. ನಾನು ಡಾಕ್ಟರಲ್ಲ. ಆ ಪಟ್ಟಿಯ ಅಡಿಯಲ್ಲಿ ಬೇರೆ ಗಂಟೂ ಇದ್ದರೆ? ನನ್ನ ಮಾತು ನಂಬಿ ಅಣ್ಣ ಹಾಗೆಯೇ ಮಲಗಿಬಿಟ್ಟರೆ?

"ಏನ್ಲಾ, ಬಾಯಿ ಬುಡು."

"ನಂಗೊಂದು ಅನುಮಾನ ಇದೆ. ಅದು ನೀನು ಅಂದ್ಕೊಂಡಿರೋದಲ್ಲ ಅಂತ. ಆದ್ರೆ ನಾನು ಹೇಳಿದ್ದು ಲೆಕ್ಕಕ್ಕಿಲ್ಲ. ನಾಳೆ ನಂಜೊತೆ ಬರ್ತೀಯಾ?"

ಅಣ್ಣ ಅಂಗಿ ಹಾಕಿಕೊಂಡ. ಆಮೇಲೆ, "ನಿನ್ ಕೈ ತಣ್ಣಗೈತಲ್ಲೋ," ಎಂದ. ಬರುತ್ತೇನೆ ಎಂದು ಅದಕ್ಕೆ ಅರ್ಥ.

ಸೋಮವಾರ ಮೇಡಂ ಎದುರು ನಿಂತು ಎಲ್ಲ ಹೇಳಿದೆ. ಅವರು ಅಣ್ಣನ ಕಂಕುಳನ್ನು ತಾವೂ ಪರೀಕ್ಷಿಸಿದರು. ನನ್ನನ್ನು ಹೊರಗೆ ಕರೆದು, "ನಿನ್ನ ಬೆರಳು ಹೇಳುವುದನ್ನು ನಾನು ನಂಬುತ್ತೇನೆ. ಆದರೆ ಅವರಿಗೆ ಏನೂ ಭರವಸೆ ಕೊಡಬೇಡ. ಬೆರಳಿಗೆ ಕಾಣದ್ದೂ ಒಳಗಿರುತ್ತದೆ," ಎಂದರು. ಇದನ್ನು ಈಗಿನ ಮಕ್ಕಳು ಗೋಡೆಯ ಮೇಲೆ ಬರೆದಿಟ್ಟುಕೊಳ್ಳಲಿ.

ಮೇಡಂ, ನಾನು ಇಬ್ಬರೂ ನಮ್ಮ ಕಾಲೇಜಿನ ಆಸ್ಪತ್ರೆಯ ಸರ್ಜನ್ ಸಾಹೇಬರ ಕೋಣೆಗೆ ಹೋದೆವು. ಕೆಲಸದಲ್ಲಿ ಗಟ್ಟಿಗರು, ಬಾಯಿ ಮಾತ್ರ ಖಾರ. ಕೇಳಿದವರೇ ನಕ್ಕರು. "ಏನು ಮೇಡಂ, ನಿಮ್ಮ ವಿಭಾಗದ ಅಟೆಂಡರುಗಳೂ ಈಗ ಡಯಾಗ್ನೋಸಿಸ್ ಮಾಡ್ತಾರಾ?"

"ಅವನು ಡಯಾಗ್ನೋಸಿಸ್ ಮಾಡಿಲ್ಲ. ನೋಡಿ ಅಂತ ಕೇಳ್ತಿದಾನೆ. ತಮ್ಮಯ್ಯ, ಅದನ್ನ ತಗೊಂಡು ಬಾ."

ಗಾಜಿನ ಪೆಟ್ಟಿಗೆಯನ್ನು ಎರಡೂ ಕೈಯಲ್ಲಿ ಅಪ್ಪಿಕೊಂಡು ಕಾಲೇಜಿನಿಂದ ಆಸ್ಪತ್ರೆಯವರೆಗೆ ನಡೆದೆ. ಅವರ ಮೇಜಿನ ಮೇಲೆ ಇಟ್ಟೆ. ಸರ್ಜನ್ ಸಾಹೇಬರು ನಗುವುದನ್ನು ನಿಲ್ಲಿಸಿ ಕುರ್ಚಿ ಮುಂದಕ್ಕೆ ಎಳೆದುಕೊಂಡರು. ಕಮಾನಿನ ಅಡಿಯಲ್ಲಿ ನರಗಳು ಹಾದುಹೋಗಿರುವ ಕಡೆ ಬೆರಳಿಟ್ಟು, "ಗಂಟು ಅಂತ ನೇರ ಇಲ್ಲಿಗೆ ಕೈ ಹಾಕಿದ್ದರೆ..." ಎಂದು ಅರ್ಧಕ್ಕೆ ನಿಲ್ಲಿಸಿದರು. ಆಮೇಲೆ ಎದ್ದುಹೋಗಿ ಅಣ್ಣನ ಕೈ ಎತ್ತಿಸಿ, ಇಳಿಸಿ, ನಾಡಿ ಹಿಡಿದು, ಅರ್ಧ ಗಂಟೆ ನೋಡಿದರು. ಬಂದು ಹೇಳಿದರು: "ತೆರೆದು ನೋಡೋದು ತಪ್ಪಲ್ಲ. ಆದರೆ ಈಗ ಏನು ನೋಡಬೇಕು ಅಂತ ಗೊತ್ತಿದೆ."

ಆಪರೇಷನ್ ದಿನ ಅತ್ತಿಗೆಯೂ ನಾನೂ ಹೊರಗಿನ ಬೆಂಚಿನ ಮೇಲೆ ಕೂತಿದ್ದೆವು. ಅಣ್ಣ ಒಳಗೆ ಹೋಗುವಾಗ ನನ್ನನ್ನು ಕರೆದು, "ಏನಾರ ಆದ್ರೆ ನನ್ನ ನಿಮ್ ತೊಟ್ಟಿಗೆ ಆಕ್ಬುಡ್ಬೇಡ ಕಣ್ಲಾ," ಎಂದಿದ್ದ. ನಗಿಸಲು ಹೇಳಿದನೋ, ನಿಜವಾಗಿ ಹೇಳಿದನೋ, ಇವತ್ತಿಗೂ ಗೊತ್ತಿಲ್ಲ.

ಒಂದು ಹೊತ್ತಿಗೆ ಬಾಗಿಲು ತೆರೆದು ನರ್ಸು ನನ್ನ ಹೆಸರು ಕೂಗಿದರು.  ಟೋಪಿ, ಗೌನು ತೊಡಿಸಿ ಒಳಗೆ ಕರೆದುಕೊಂಡು ಹೋದರು. ಸರ್ಜನ್ ಸಾಹೇಬರು ತಲೆ ಎತ್ತದೆ, "ಬಾರಯ್ಯಾ, ನಿನ್ನ ಕಮಾನು ನೋಡು," ಎಂದರು.

ಹಸಿರು ಬಟ್ಟೆಯ ನಡುವಿನ ಕಿಂಡಿಯಲ್ಲಿ ಅದು ಇತ್ತು. ನಾನು ಕಂಡವೆಲ್ಲ ಕಂದು ಬಣ್ಣದವು, ಬೇಯಿಸಿದ ಹಾಗೆ ಬಿಗಿದವು. ಇದು ಕೆಂಪಗೆ, ಒದ್ದೆಯಾಗಿ ಹೊಳೆಯುತ್ತಿತ್ತು. ಅವರು ಉಪಕರಣದ ತುದಿ ತಾಗಿಸಿದಾಗ ಅದು ಮಿಡುಕಿತು. ಸ್ನಾಯು ಅಲುಗಿದ್ದನ್ನು ನಾನು ಜನ್ಮದಲ್ಲಿ ಮೊದಲು ಕಂಡದ್ದು ಅಂದು, ನನ್ನ ಅಣ್ಣನ ಮೈಯಲ್ಲಿ. ಅದರ ಅಡಿಯಲ್ಲಿ ನೀಲಿ ರಕ್ತನಾಳ ಒತ್ತಿ ಚಪ್ಪಟೆಯಾಗಿತ್ತು. ಸಾಹೇಬರು ಪಟ್ಟಿಯನ್ನು ಕತ್ತರಿಸಿದರು. ರಕ್ತನಾಳ ಮೆಲ್ಲಗೆ ಉಬ್ಬಿ ದುಂಡಗಾಯಿತು.

"ಗಂಟು, ಸಾರ್?" ಎಂದೆ.

"ಪೂರ್ತಿ ಹುಡುಕಿದೆ. ಏನೂ ಇಲ್ಲ. ಇದೇ ಗಂಟು." ಕತ್ತರಿಸಿದ ತುಂಡನ್ನು ಪರೀಕ್ಷೆಗೆ ಕಳಿಸಿದರು. ಬರೀ ಸ್ನಾಯು ಎಂದು ಕೆಲವು ದಿನಗಳ ಮೇಲೆ ವರದಿ ಬಂತು.

ನಾನು ಹೊರಗೆ ಅತ್ತಿಗೆಯ ಹತ್ತಿರ ಬಂದೆ. ನನ್ನ ಮುಖ ನೋಡಿ ಅವರೇ ತಿಳಿದುಕೊಂಡರು.

ಹೊಲಿಗೆ ಬಿಚ್ಚಿ, ಗಾಯ ಮಾಗಿ, ಅಣ್ಣ ಕೊನೆಯ ಸಲ ತೋರಿಸಿಕೊಳ್ಳಲು ಬಂದ ದಿನ, ಆಸ್ಪತ್ರೆಯಿಂದ ನೇರವಾಗಿ ನಮ್ಮ ವಿಭಾಗದ ಬಾಗಿಲಿಗೆ ಬಂದು ನಿಂತ. "ಅದೇನೋ ಪೆಟ್ಟಿಗೆ ಅಂದ್ರಲ್ಲ ಡಾಕ್ಟ್ರು, ತೋರ್ಸು," ಎಂದ. ಚಪ್ಪಲಿ ಹೊರಗೆ ಬಿಟ್ಟು ಒಳಗೆ ಬಂದ. ನಾನು ಗಾಜಿನ ಮೇಲೆ ಬೆರಳಿಟ್ಟು ತೋರಿಸಿದೆ: ಇದು ಎದೆ, ಇದು ಬೆನ್ನು, ಇದು ನಿನ್ನಲ್ಲಿದ್ದದ್ದು. ತನ್ನ ಕಂಕುಳಿಗೆ ಕೈಯಿಟ್ಟುಕೊಂಡು ನೋಡುತ್ತಾ ನಿಂತ.

"ಯಾರ್ಲಾ ಈ ವಯ್ಯ?"

"ಗೊತ್ತಿಲ್ಲ ಅಣ್ಣ. ಕೆ.ಆರ್. ಪೇಟೆ ಬಸ್ ಸ್ಟ್ಯಾಂಡಿನಲ್ಲಿ ಸತ್ತಿದ್ದ. ಯಾರೂ ಬರಲಿಲ್ಲ."

"ಎಸ್ರು?"

"ಹೆಸರೂ ಇಲ್ಲ. ನಂಬರು ಇದೆ."

ಅಣ್ಣ ಹೋಗುವಾಗ ನನ್ನ ಹೆಗಲ ಮೇಲೆ ಕೈಯಿಟ್ಟು, ಅಲ್ಲಿದ್ದ ವಿದ್ಯಾರ್ಥಿಗಳಿಗೆ ಕೇಳಿಸುವಂತೆ, "ಇವ್ನು ನನ್ ತಮ್ಮ," ಎಂದ. ನಾನು ಅವನ ತಮ್ಮನೆಂದು ಅವರಿಗೆಲ್ಲ ಆಗಲೇ ಗೊತ್ತಿತ್ತು. ಆದರೂ ಹೇಳಿದ. ನನಗೆ ಸಿಕ್ಕ ಬಿರುದುಗಳಲ್ಲಿ ಇದಕ್ಕಿಂತ ಮೇಲಿನದು ಇಲ್ಲ.

ಆ ವರ್ಷ ಪಿತೃಪಕ್ಷಕ್ಕೆ ಊರಿಗೆ ಹೋಗಿದ್ದೆ. ಹಿರಿಯರಿಗೆ ಎಡೆ ಹಾಕುವ ಸಂಜೆ. ನಡುಮನೆಯಲ್ಲಿ ಹೊಸ ಪಂಚೆ, ಟವಲು ಇಟ್ಟು, ಅಪ್ಪನಿಗೊಂದು ಎಲೆ, ತಾತನಿಗೊಂದು ಎಲೆ ಹಾಕಿದ್ದರು. ಅನ್ನ, ಮಾಂಸದ ಸಾರು, ವಡೆ, ಕಜ್ಜಾಯ ಎಲ್ಲ ಬಡಿಸಿಯಾಗಿತ್ತು. ಅಣ್ಣ ಇನ್ನೊಂದು ಎಲೆ ತಂದು ಅವರ ಪಕ್ಕದಲ್ಲಿ ಹಾಸಿದ. ಒಂದು ಹೊಸ ಟವಲನ್ನೂ ಅದರ ಮುಂದೆ ಇಟ್ಟ.

"ಇದ್ಯಾರ್ಗೆ?" ಎಂದರು ಅತ್ತಿಗೆ.

"ಆ ಪೆಟ್ಟಿಗೇಲಿ ಅವ್ನೆ ನೋಡು, ಅವ್ನಿಗೆ. ಬಡ್ಸು."

"ಏನಂತ ಕರೀಲಿ? ಎಸ್ರೇ ಇಲ್ವಲ್ಲ."

ಅಣ್ಣ ಯೋಚಿಸಿದ. "ಕೇರ್‌ಪ್ಯಾಟೆ ಅಣ್ಣ ಅನ್ನು." ಆಮೇಲೆ ನನ್ನ ಕಡೆ ತಿರುಗಿದ. "ಲೇ, ನೀನು ಅವ್ನ್ ಕೈ ನೋಡಿದ್ದೀಯಲ್ಲ. ಬೀಡಿ ಸೇದ್ತಿದ್ನಾ?"

ಅಷ್ಟು ವರ್ಷದಲ್ಲಿ ಆ ಮನೆಯೊಳಗೆ ನನ್ನ ಕೆಲಸದ ಬಗ್ಗೆ ಅಕ್ಕರೆಯಿಂದ ಕೇಳಿದ ಮೊದಲ ಪ್ರಶ್ನೆ ಅದು. "ಸೇದ್ತಿದ್ದ. ಎರಡು ಬೆರಳು ಹಳದಿಗಟ್ಟಿದ್ವು. ಹೊರೆ ಹೊರೋನು ಅನ್ಸುತ್ತೆ, ಹೆಗಲ ಮೇಲೆ ದಡ್ಡುಗಟ್ಟಿತ್ತು."

ಅಣ್ಣ ಗೋಡೆಯ ಗೂಡಿನಿಂದ ಒಂದು ಕಟ್ಟು ಬೀಡಿ, ಬೆಂಕಿಪೊಟ್ಟಣ ತೆಗೆದು ಆ ಎಲೆಯ ತುದಿಗೆ ಇಟ್ಟ. ಬಲಗೈಯಲ್ಲಿ ಧೂಪ ಎತ್ತಿ ಮೂರು ಎಲೆಗೂ ಬೆಳಗಿದ. ಹಿರಿಯರು ಬಂದು ಉಣ್ಣಲಿ ಎಂದು ವಾಡಿಕೆಯಂತೆ ಎಲ್ಲರೂ ಹೊರಗೆ ಬಂದು ಬಾಗಿಲು ಮುಂದಕ್ಕೆ ಎಳೆದುಕೊಂಡು ಜಗುಲಿಯ ಮೇಲೆ ನಿಂತೆವು. ಅಣ್ಣನ ಮಗಳಿಗೆ ಹಸಿವು. "ಎಷ್ಟೊತ್ತು ಅಪ್ಪ, ತೆಗಿ," ಎಂದಳು.

"ತಡಿ ಮಗ," ಎಂದ ಅಣ್ಣ. "ಅವ್ನಿಗೆ ಈ ಮನೆ ಒಸದು. ನಿಧಾನುಕ್ಕೆ ಉಣ್ಲಿ."